ವಿದಳನ ಯೀಸ್ಟ್: ಸ್ಕಿಜೋಸ್ಯಾಕರೋಮೈಸಿಸ್ ಪಾಂಬೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ವಿದಳನ ಯೀಸ್ಟ್ ಎಂದರೆ ಯಾವುದು?

ಸ್ಕಿಜೋಸ್ಯಾಕರೋಮೈಸಿಸ್ ಪಾಂಬೆ ಎಂಬ ವೈಜ್ಞಾನಿಕ ಹೆಸರುಳ್ಳ ಏಕಕೋಶೀಯ ಶಿಲೀಂಧ್ರವೇ ವಿದಳನ ಯೀಸ್ಟ್. ಇದರ ಕೋಶ ದಂಡಾಕಾರದ್ದು, ಎರಡೂ ತುದಿಗಳು ದುಂಡಗಿರುತ್ತವೆ. ಅಗಲ 3ರಿಂದ 4 ಮೈಕ್ರೊಮೀಟರ್. ಹೊಸದಾಗಿ ಹುಟ್ಟಿದ ಕೋಶ ಸುಮಾರು 7 ಮೈಕ್ರೊಮೀಟರ್ ಉದ್ದವಿದ್ದು, ತುದಿಗಳಲ್ಲಿ ಮಾತ್ರ ಬೆಳೆಯುತ್ತ ಸುಮಾರು 14 ಮೈಕ್ರೊಮೀಟರ್ ಮುಟ್ಟಿದಾಗ ನಟ್ಟನಡುವೆ ಅಡ್ಡಗೋಡೆ ಕಟ್ಟಿಕೊಂಡು ಎರಡು ಸಮಭಾಗಗಳಾಗುತ್ತದೆ. ಹೀಗೆ ಇಬ್ಭಾಗವಾಗಿ ವೃದ್ಧಿಸುವುದರಿಂದಲೇ ಇದಕ್ಕೆ ವಿದಳನ ಯೀಸ್ಟ್ ಎಂಬ ಹೆಸರು ಬಂದಿದೆ.

ಬ್ರೆಡ್ಡಿಗೆ ಬಳಸುವ ಯೀಸ್ಟ್ ಇದೇ ಅಲ್ಲವೇ?

ಅಲ್ಲ. ಬ್ರೆಡ್ ಮತ್ತು ಮದ್ಯ ತಯಾರಿಕೆಯಲ್ಲಿ ಹೆಚ್ಚಾಗಿ ಬಳಕೆಯಾಗುವುದು ಸ್ಯಾಕರೋಮೈಸಿಸ್ ಸೆರವಿಸಿಯೆ. ಅದು ತಾಯಿಕೋಶದ ಮೈಯಲ್ಲಿ ಚಿಕ್ಕ ಮೊಗ್ಗೊಂದು ಮೂಡಿ, ಬೆಳೆದು, ಬೇರ್ಪಡುವ ಕ್ರಮದಲ್ಲಿ ವೃದ್ಧಿಸುತ್ತದೆ. ಹೆಸರಿನಲ್ಲಿ ಹೋಲಿಕೆಯಿದ್ದರೂ ಈ ಎರಡರ ನಂಟು ಬಹಳ ದೂರದ್ದು. ಇವುಗಳ ಪೂರ್ವಜರು ಕಡಿಮೆಯೆಂದರೂ ಮೂವತ್ತು ನಲವತ್ತು ಕೋಟಿ ವರ್ಷಗಳ ಹಿಂದೆಯೇ ಕವಲೊಡೆದಿರಬೇಕೆಂದು ಅಂದಾಜಿಸಲಾಗಿದೆ. ಯೀಸ್ಟ್ ಎಂಬುದು ಒಂದು ಜೀವನಕ್ರಮದ ಹೆಸರೇ ಹೊರತು ಒಂದು ಕುಲದ ಹೆಸರಲ್ಲ. ಶಿಲೀಂಧ್ರಗಳ ಬೇರೆ ಬೇರೆ ಶಾಖೆಗಳಲ್ಲಿ ಏಕಕೋಶೀಯ ಬದುಕು ಪ್ರತ್ಯೇಕವಾಗಿ ನೆಲೆಗೊಂಡಿದೆ.

ವಿದಳನ ಯೀಸ್ಟಿನ ವೈಜ್ಞಾನಿಕ ಬೆಲೆ ಬಹುಮಟ್ಟಿಗೆ ಈ ದೂರದಲ್ಲಿಯೇ ಅಡಗಿದೆ. ಇಷ್ಟು ಹಿಂದೆ ಅಗಲಿದ ಎರಡು ಜೀವಿಗಳಲ್ಲಿ ಒಂದೇ ಪ್ರೋಟೀನು ಒಂದೇ ಕೆಲಸ ಮಾಡುತ್ತಿದ್ದರೆ, ಅದು ಸಸ್ಯ ಮತ್ತು ಪ್ರಾಣಿಗಳಲ್ಲಿಯೂ ಅದೇ ಕೆಲಸ ಮಾಡುತ್ತಿರುವ ಸಂಭವ ಹೆಚ್ಚು. ಎರಡೂ ಬೇರೆ ಬೇರೆ ದಾರಿ ಹಿಡಿದಿದ್ದರೆ, ಯಾವುದು ಅನಿವಾರ್ಯ, ಯಾವುದು ಆ ಜೀವಿಯ ಸ್ವಂತ ರೂಢಿ ಎಂಬುದನ್ನು ಬೇರ್ಪಡಿಸಿ ನೋಡಬಹುದು. ಒಂದೇ ಮಾದರಿ ಜೀವಿಯನ್ನು ನಂಬಿ ಕುಳಿತಿದ್ದರೆ ಕೋಶವಿಜ್ಞಾನವು ಬ್ರೆಡ್ ಯೀಸ್ಟಿನ ಎಷ್ಟೋ ವೈಶಿಷ್ಟ್ಯಗಳನ್ನು ಸಾರ್ವತ್ರಿಕ ನಿಯಮಗಳೆಂದು ತಿಳಿದುಕೊಳ್ಳುವ ಅಪಾಯವಿತ್ತು.

ಇದು ಮೊದಲು ಎಲ್ಲಿ ಸಿಕ್ಕಿತು? ಪ್ರಯೋಗಾಲಯಕ್ಕೆ ಹೇಗೆ ಬಂತು?

ಪೂರ್ವ ಆಫ್ರಿಕಾದಲ್ಲಿ ಕಿರುಧಾನ್ಯದಿಂದ ತಯಾರಾಗುವ ಬಿಯರಿನಿಂದ ಇದನ್ನು ಬೇರ್ಪಡಿಸಿ 1893ರಲ್ಲಿ ಮೊದಲು ವರ್ಣಿಸಿದವರು ಜರ್ಮನಿಯ ಪಾಲ್ ಲಿಂಡ್ನರ್. ಅಲ್ಲಿಂದ ಅರ್ಧ ಶತಮಾನ ಇದರ ಬಗ್ಗೆ ಹೆಚ್ಚೇನೂ ಆಸಕ್ತಿ ಮೂಡಲಿಲ್ಲ. 1940ರ ದಶಕದ ಕೊನೆಯಲ್ಲಿ ಉರ್ಸ್ ಲೇಯ್ಪೋಲ್ಡ್ ಇದರ ತಳಿವಿಜ್ಞಾನವನ್ನು ಕ್ರಮಬದ್ಧವಾಗಿ ಕೈಗೆತ್ತಿಕೊಂಡರು. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿರುವ ಪಾಂಬೆ ತಳಿಗಳು ಬಹುತೇಕ ಎಲ್ಲವೂ ಲೇಯ್ಪೋಲ್ಡ್ ಆರಿಸಿಕೊಂಡ ಮೂಲ ತಳಿಗಳಿಂದ ಬಂದವು. ಎಲ್ಲರ ಕೈಯಲ್ಲಿಯೂ ಒಂದೇ ವಂಶದ ಕೋಶಗಳಿರುವುದರಿಂದ ಒಬ್ಬರ ಫಲಿತಾಂಶವನ್ನು ಇನ್ನೊಬ್ಬರು ನೇರವಾಗಿ ಹೋಲಿಸಿ ನೋಡಲು ಸಾಧ್ಯವಾಯಿತು. 1950ರ ದಶಕದಲ್ಲಿ ಎಡಿನ್‌ಬರೋದ ಮರ್ಡಾಕ್ ಮಿಚಿಸನ್ ಒಂಟಿ ಕೋಶಗಳು ಬೆಳೆಯುವ ಬಗೆಯನ್ನು ಅಳೆಯಲು ಇದನ್ನೇ ಆರಿಸಿಕೊಂಡರು. ತಳಿವಿಜ್ಞಾನದ ಆ ಪರಂಪರೆಯೂ ಕೋಶಶರೀರವಿಜ್ಞಾನದ ಈ ಪರಂಪರೆಯೂ 1970ರ ದಶಕದಲ್ಲಿ ಒಂದೆಡೆ ಸೇರಿದ ಮೇಲೆ ಈ ಯೀಸ್ಟಿನ ಅದೃಷ್ಟವೇ ಬದಲಾಯಿತು.

ಕೋಶಚಕ್ರದ ಅಧ್ಯಯನಕ್ಕೆ ಇದು ಅಷ್ಟೊಂದು ಅನುಕೂಲವೇಕೆ?

ಕೋಶವೊಂದು ಬೆಳೆದು, ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಂಡು, ಆ ಎರಡು ಪ್ರತಿಗಳನ್ನು ಬೇರ್ಪಡಿಸಿ, ಎರಡಾಗಿ ವಿಭಜನೆಗೊಳ್ಳುವ ಕ್ರಮವೇ ಕೋಶಚಕ್ರ. ವಿದಳನ ಯೀಸ್ಟಿನ ಅಗಲ ಹೆಚ್ಚುಕಡಿಮೆ ಸ್ಥಿರವಾಗಿದ್ದು ಉದ್ದ ಮಾತ್ರ ಹೆಚ್ಚುವುದರಿಂದ, ಕೋಶದ ಉದ್ದವನ್ನು ಅಳೆದರೆ ಅದು ಚಕ್ರದ ಯಾವ ಹಂತದಲ್ಲಿದೆ ಎಂದು ತಕ್ಕಮಟ್ಟಿಗೆ ನಿಖರವಾಗಿ ಹೇಳಬಹುದು. ವಿಭಜನೆಯ ವ್ಯವಸ್ಥೆ ಕೆಟ್ಟು ಬೆಳವಣಿಗೆ ಮಾತ್ರ ಮುಂದುವರಿದರೆ ಕೋಶ ಅತಿಯಾಗಿ ಉದ್ದವಾಗುತ್ತದೆ. ವಿಭಜನೆ ಅವಧಿಗೆ ಮುಂಚೆ ನಡೆದರೆ ಕೋಶ ಗಿಡ್ಡವಾಗುತ್ತದೆ. ದುಬಾರಿ ಉಪಕರಣಗಳ ನೆರವಿಲ್ಲದೆ, ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಕಣ್ಣಾಡಿಸಿಯೇ ದೋಷವಿರುವ ಕೋಶಗಳನ್ನು ಹೆಕ್ಕಬಹುದು.

ಇನ್ನೊಂದು ಅನುಕೂಲವಿದೆ. ಈ ಯೀಸ್ಟ್ ತನ್ನ ಆಯುಷ್ಯದ ಬಹುಪಾಲನ್ನು ಏಕಗುಣಿತ ಸ್ಥಿತಿಯಲ್ಲಿ, ಅಂದರೆ ಪ್ರತಿ ವರ್ಣತಂತುವಿನ ಒಂದೇ ಪ್ರತಿಯನ್ನು ಇಟ್ಟುಕೊಂಡು, ಕಳೆಯುತ್ತದೆ. ಆದ್ದರಿಂದ ಒಂದು ಜೀನಿನಲ್ಲಿ ಉತ್ಪರಿವರ್ತನೆ ಉಂಟಾದರೆ ಅದನ್ನು ಮರೆಮಾಚಲು ಎರಡನೆಯ ಪ್ರತಿ ಇರುವುದಿಲ್ಲ, ಪರಿಣಾಮ ಕೂಡಲೇ ಹೊರಬೀಳುತ್ತದೆ. ಅನುಕೂಲಕರ ಪರಿಸ್ಥಿತಿಯಲ್ಲಿ ಎರಡರಿಂದ ನಾಲ್ಕು ಗಂಟೆಗಳಿಗೊಮ್ಮೆ ಹೊಸ ತಲೆಮಾರು ಹುಟ್ಟುತ್ತದೆ.

ಸಿಡಿಸಿ2 ಜೀನ್ ಪತ್ತೆಯಾದ ಬಗೆ ಹೇಗೆ?

ಈ ಯೀಸ್ಟಿನ ಹೆಸರನ್ನು ಪಠ್ಯಪುಸ್ತಕಗಳಿಗೆ ತಂದ ಕಥೆಯೇ ಇದಾದ್ದರಿಂದ ಸ್ವಲ್ಪ ವಿವರವಾಗಿ ಹೇಳುವುದು ಸೂಕ್ತ. ಮಿಚಿಸನ್ ಅವರ ಪ್ರಯೋಗಾಲಯ ಸೇರಿದ್ದ ಪಾಲ್ ನರ್ಸ್, ಹೆಚ್ಚಿನ ಉಷ್ಣತೆಯಲ್ಲಿ ವಿಭಜನೆಯಾಗಲಾರದೆ ಉದ್ದುದ್ದ ಬೆಳೆಯುವ ಕೋಶಗಳನ್ನು ಹುಡುಕುತ್ತಿದ್ದರು. ಹುಡುಕಾಟದ ನಡುವೆ ಅದಕ್ಕೆ ತದ್ವಿರುದ್ಧವಾದ ಕೋಶಗಳು ಕಣ್ಣಿಗೆ ಬಿದ್ದವು. ಅವು ಸಾಮಾನ್ಯ ಗಾತ್ರದ ಅರ್ಧದಷ್ಟಿದ್ದಾಗಲೇ ವಿಭಜನೆಗೊಳ್ಳುತ್ತಿದ್ದವು. ಗಿಡ್ಡ ಕೋಶ ಎಂಬುದು ಮೇಲುನೋಟಕ್ಕೆ ಕ್ಷುಲ್ಲಕ ಸಂಗತಿ. ಆದರೆ ಅದರ ಅರ್ಥ ಗಂಭೀರವಾದದ್ದು. ಯಾವುದೇ ಅವಶ್ಯಕ ಭಾಗ ಕೆಟ್ಟರೂ ವಿಭಜನೆ ನಿಲ್ಲುತ್ತದೆ, ಆದ್ದರಿಂದ ನಿಂತುಹೋದ ಕೋಶವು ನಿಯಂತ್ರಣದ ಬಗ್ಗೆ ಹೆಚ್ಚೇನೂ ಹೇಳಲಾರದು. ವಿಭಜನೆ ಬೇಗ ನಡೆಯುವಂತೆ ಮಾಡುವ ಬದಲಾವಣೆಯಾದರೋ ವೇಗವನ್ನೇ ನಿರ್ಧರಿಸುವ ಸ್ಥಾನದಲ್ಲಿ ಮಾತ್ರ ಆಗಿರಲು ಸಾಧ್ಯ. ವೀ1 ಎಂದು ಹೆಸರಾದ ಆ ಜೀನಿನ ಕುರಿತ ವರದಿ 1975ರಲ್ಲಿ ಪ್ರಕಟವಾಯಿತು.

ಬಳಿಕ ನರ್ಸ್ ಇಂಥ ಸುಮಾರು ಐವತ್ತು ಗಿಡ್ಡ ತಳಿಗಳನ್ನು ಕಲೆಹಾಕಿದರು. ಒಂದನ್ನು ಬಿಟ್ಟು ಉಳಿದೆಲ್ಲವೂ ವೀ1 ಜೀನಿನಲ್ಲಿಯೇ ದೋಷವಿದ್ದವು. ಆ ಒಂದು ತಳಿ ಬೂಷ್ಟು ಹಿಡಿದ ತಟ್ಟೆಯೊಂದರಲ್ಲಿತ್ತೆಂದೂ, ಮೊದಲು ಕಸಕ್ಕೆಸೆದು ಆಮೇಲೆ ಮನಸ್ಸು ತಡೆಯದೆ ಹಿಂದಿರುಗಿ ಅದನ್ನು ಹೆಕ್ಕಿಕೊಂಡೆನೆಂದೂ ಅವರೇ ಹೇಳಿಕೊಂಡಿದ್ದಾರೆ. ಪರೀಕ್ಷಿಸಿದಾಗ ಅದರ ದೋಷವಿದ್ದದ್ದು ಸಿಡಿಸಿ2 ಎಂಬ ಜೀನಿನಲ್ಲಿ. ಸಿಡಿಸಿ2 ಕೆಲಸ ನಿಲ್ಲಿಸಿದರೆ ವಿಭಜನೆಯೇ ಆಗುವುದಿಲ್ಲ ಎಂಬುದು ಅಷ್ಟರಲ್ಲಾಗಲೇ ತಿಳಿದಿತ್ತು. ಒಂದೇ ಜೀನ್ ಒಂದು ಬಗೆಯಲ್ಲಿ ಬದಲಾದರೆ ವಿಭಜನೆ ನಿಲ್ಲುತ್ತದೆ, ಇನ್ನೊಂದು ಬಗೆಯಲ್ಲಿ ಬದಲಾದರೆ ಅವಸರದಿಂದ ನಡೆಯುತ್ತದೆ ಎಂದಾದಾಗ, ಅದು ಇಡೀ ವ್ಯವಸ್ಥೆಯ ಕೇಂದ್ರದಲ್ಲಿದೆ ಎಂಬುದರಲ್ಲಿ ಸಂದೇಹ ಉಳಿಯಲಿಲ್ಲ.

ಮುಂದಿನ ವರ್ಷಗಳಲ್ಲಿ ಚಿತ್ರ ಪೂರ್ಣಗೊಂಡಿತು. ಸಿಡಿಸಿ2 ಜೀನಿನಿಂದ ಹುಟ್ಟುವ ಪ್ರೋಟೀನು ಒಂದು ಕೈನೇಸ್, ಅಂದರೆ ಇತರ ಪ್ರೋಟೀನುಗಳಿಗೆ ಫಾಸ್ಫೇಟ್ ಗುಂಪನ್ನು ಅಂಟಿಸುವ ಕಿಣ್ವ. ಸೈಕ್ಲಿನ್ ಎಂಬ ಜೊತೆಗಾರ ಪ್ರೋಟೀನು ಇಲ್ಲದೆ ಅದು ಕೆಲಸ ಮಾಡದು. ವೀ1 ಕಿಣ್ವವು ಸಿಡಿಸಿ2 ಮೇಲೆ ಫಾಸ್ಫೇಟ್ ಅಂಟಿಸಿ ಅದನ್ನು ತಡೆಹಿಡಿಯುತ್ತದೆ. ಸಿಡಿಸಿ25 ಎಂಬ ಇನ್ನೊಂದು ಕಿಣ್ವ ಆ ಫಾಸ್ಫೇಟನ್ನು ಕಿತ್ತು ತಡೆಯನ್ನು ತೆರವುಗೊಳಿಸುತ್ತದೆ. ಇವೆರಡರ ಬಲಾಬಲದಲ್ಲಿ ಯಾವುದರ ಕೈ ಮೇಲಾಗುತ್ತದೆ ಎಂಬುದರ ಮೇಲೆ ಕೋಶ ವಿಭಜನೆಗೆ ಇಳಿಯುವ ಗಳಿಗೆ ನಿರ್ಧಾರವಾಗುತ್ತದೆ.

ಮನುಷ್ಯನ ಜೀನ್ ಈ ಯೀಸ್ಟಿನಲ್ಲಿ ಕೆಲಸ ಮಾಡಿತು ಎಂಬುದು ನಿಜವೇ?

ನಿಜ. ಬ್ರೆಡ್ ಯೀಸ್ಟಿನ ಸಿಡಿಸಿ28 ಜೀನ್ ವಿದಳನ ಯೀಸ್ಟಿನ ಸಿಡಿಸಿ2 ಸ್ಥಾನವನ್ನು ತುಂಬಬಲ್ಲದು ಎಂದು 1982ರಲ್ಲಿ ಸಿದ್ಧವಾಗಿತ್ತು. ಅದಕ್ಕಿಂತ ಧೈರ್ಯದ ಪ್ರಯೋಗವನ್ನು ನರ್ಸ್ ಅವರ ತಂಡದಲ್ಲಿದ್ದ ಮೆಲನಿ ಲೀ ಕೈಗೊಂಡರು. ಸಿಡಿಸಿ2 ಕೆಟ್ಟಿರುವ ಯೀಸ್ಟ್ ಕೋಶಗಳಿಗೆ ಮನುಷ್ಯನ ಜೀನ್‌ಗಳ ದೊಡ್ಡ ಸಂಗ್ರಹವೊಂದನ್ನು ಸೇರಿಸಿ, ಕೆಟ್ಟ ಜೀನ್ ಕೆಲಸ ಮಾಡಲಾಗದ ಉಷ್ಣತೆಯಲ್ಲಿ ಬೆಳೆಯಲು ಬಿಟ್ಟರು. ಆ ಕೋಶಗಳು ಬದುಕುಳಿಯಬೇಕಾದರೆ ಸಂಗ್ರಹದಲ್ಲಿನ ಯಾವುದೋ ಒಂದು ಮಾನವ ಜೀನ್ ಸಿಡಿಸಿ2 ಕೆಲಸವನ್ನು ವಹಿಸಿಕೊಳ್ಳಲೇಬೇಕಿತ್ತು. ಕೆಲವು ಕೋಶಗಳು ಬದುಕಿದವು. ಅವುಗಳಲ್ಲಿ ಸಿಕ್ಕ ಮಾನವ ಪ್ರೋಟೀನು ಯೀಸ್ಟಿನದರೊಡನೆ ಶೇಕಡಾ 63ರಷ್ಟು ತದ್ರೂಪವಾಗಿತ್ತು. 1987ರಲ್ಲಿ ಪ್ರಕಟವಾದ ಈ ಫಲಿತಾಂಶ, ಕೋಶವಿಭಜನೆಯ ಮೂಲ ನಿಯಂತ್ರಣ ಯೀಸ್ಟಿನಿಂದ ಮನುಷ್ಯನವರೆಗೆ ಒಂದೇ ಎಂಬುದಕ್ಕೆ ನೇರ ಸಾಕ್ಷ್ಯ ಒದಗಿಸಿತು. ಈ ಯೀಸ್ಟಿನ ಮೇಲೆ ನಡೆದ ಪ್ರಯೋಗಗಳಲ್ಲಿ ಒಂದನ್ನು ಮಾತ್ರ ಆರಿಸಬೇಕೆಂದರೆ ಇದನ್ನೇ ಆರಿಸಬೇಕು ಎಂಬುದು ನಮ್ಮ ಅಭಿಪ್ರಾಯ.

2001ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ನರ್ಸ್, ಬ್ರೆಡ್ ಯೀಸ್ಟಿನಲ್ಲಿ ಕೋಶಚಕ್ರದ ಜೀನ್‌ಗಳನ್ನು ಗುರುತಿಸಿದ ಲೀಲ್ಯಾಂಡ್ ಹಾರ್ಟ್‌ವೆಲ್, ಕಡಲ ಅರ್ಚಿನ್ ಮೊಟ್ಟೆಗಳಲ್ಲಿ ಸೈಕ್ಲಿನ್ ಪತ್ತೆಹಚ್ಚಿದ ಟಿಮ್ ಹಂಟ್ ಈ ಮೂವರು ಹಂಚಿಕೊಂಡರು.

ತಾನು ಸಾಕಷ್ಟು ಉದ್ದವಾಗಿದ್ದೇನೆ ಎಂದು ಕೋಶಕ್ಕೆ ಹೇಗೆ ತಿಳಿಯುತ್ತದೆ?

ಇದಕ್ಕೆ ಪೂರ್ಣ ಉತ್ತರ ಇನ್ನೂ ದೊರೆತಿಲ್ಲ. ಪಾಮ್1 ಎಂಬ ಪ್ರೋಟೀನು ಕೋಶದ ಎರಡೂ ತುದಿಗಳಲ್ಲಿ ದಟ್ಟವಾಗಿದ್ದು ನಡುವಿಗೆ ಬಂದಂತೆ ವಿರಳವಾಗುತ್ತದೆ ಎಂದೂ, ವಿಭಜನೆಗೆ ಉತ್ತೇಜನ ಕೊಡುವ ಸಿಡಿಆರ್2 ಪ್ರೋಟೀನನ್ನು ಅದು ಹತ್ತಿಕ್ಕುತ್ತದೆ ಎಂದೂ 2009ರಲ್ಲಿ ಎರಡು ತಂಡಗಳು ತೋರಿಸಿದವು. ಕೋಶ ಉದ್ದವಾದಷ್ಟೂ ನಡುಭಾಗವು ತುದಿಗಳ ಪ್ರಭಾವದಿಂದ ದೂರವಾಗುತ್ತದೆ, ಆಗ ತಡೆ ಸಡಿಲಗೊಳ್ಳುತ್ತದೆ ಎಂಬುದು ವಾದ. ಅಂದವಾದ ವಿವರಣೆಯೇನೋ ಹೌದು. ಆದರೆ ಪಾಮ್1 ಇಲ್ಲದ ಕೋಶಗಳೂ ತಮ್ಮ ಗಾತ್ರವನ್ನು ಸಾಕಷ್ಟು ಚೆನ್ನಾಗಿ ಕಾಯ್ದುಕೊಳ್ಳುವುದರಿಂದ ಅದೊಂದೇ ಸಾಲದು. ಕೋಶದ ಮೇಲ್ಮೈ ವಿಸ್ತೀರ್ಣವನ್ನು ಸಿಡಿಆರ್2 ಅಳೆಯುತ್ತದೆ, ಗಾತ್ರದೊಡನೆ ಸಿಡಿಸಿ25 ಪ್ರಮಾಣ ಏರುತ್ತದೆ ಎಂಬಂಥ ಮಾರ್ಗಗಳೂ ಜೊತೆಯಲ್ಲಿ ಕೆಲಸ ಮಾಡುತ್ತಿರುವಂತಿದೆ.

ಇದೇ ದಿಕ್ಕಿನ ಇನ್ನೊಂದು ಪ್ರಯೋಗ ಇಲ್ಲಿ ಉಲ್ಲೇಖಾರ್ಹ. 2010ರಲ್ಲಿ ಡೇಮಿಯನ್ ಕೂದ್ರೂಜ್ ಮತ್ತು ನರ್ಸ್, ಸಿಡಿಸಿ2 ಪ್ರೋಟೀನನ್ನೂ ಒಂದು ಸೈಕ್ಲಿನ್ನನ್ನೂ ಬೆಸೆದು ಒಂದೇ ಪ್ರೋಟೀನಾಗಿಸಿ, ಇತರ ಮುಖ್ಯ ಸೈಕ್ಲಿನ್‌ಗಳನ್ನು ತೆಗೆದುಹಾಕಿದರು. ಆ ಒಂದೇ ಬೆಸುಗೆಯ ಪ್ರೋಟೀನಿನ ಬಲದಿಂದ ಕೋಶಚಕ್ರ ಸಾಗಿತು. ಬೇರೆ ಬೇರೆ ಹಂತಗಳಿಗೆ ಬೇರೆ ಬೇರೆ ಸೈಕ್ಲಿನ್ ಬೇಕೇ ಬೇಕು ಎಂಬ ನಂಬಿಕೆಗೆ ಅದರಿಂದ ಪೆಟ್ಟು ಬಿತ್ತು. ಕಿಣ್ವದ ಒಟ್ಟು ಚಟುವಟಿಕೆ ಎಷ್ಟಿದೆ ಎಂಬುದೇ ಮುಖ್ಯವೆಂದು ತೋರಿತು.

ಇದರ ಜೀನೋಮಿನಲ್ಲಿ ವಿಶೇಷವೇನು?

2002ರಲ್ಲಿ ಇದರ ಜೀನೋಮಿನ, ಅಂದರೆ ಕೋಶದಲ್ಲಿರುವ ಇಡೀ ಡಿಎನ್‌ಎಯ, ಸಂಪೂರ್ಣ ಅನುಕ್ರಮ ಪ್ರಕಟವಾಯಿತು. ಕೋಶಕೇಂದ್ರವುಳ್ಳ ಜೀವಿಗಳಲ್ಲಿ ಇಂಥ ಗೌರವ ಪಡೆದ ಆರನೆಯ ಜೀವಿ ಇದು. ಒಟ್ಟು ಉದ್ದ ಸುಮಾರು 1.38 ಕೋಟಿ ಕ್ಷಾರಜೋಡಿಗಳು (ಡಿಎನ್‌ಎ ಏಣಿಯ ಮೆಟ್ಟಿಲುಗಳು), ವರ್ಣತಂತುಗಳು ಮೂರೇ ಮೂರು. ಬ್ರೆಡ್ ಯೀಸ್ಟಿನಲ್ಲಿ ಸುಮಾರು ಅಷ್ಟೇ ಡಿಎನ್‌ಎ 16 ವರ್ಣತಂತುಗಳಲ್ಲಿ ಹಂಚಿಹೋಗಿದೆ. ಪ್ರೋಟೀನು ತಯಾರಿಸುವ ಜೀನ್‌ಗಳ ಸಂಖ್ಯೆಯನ್ನು ಆಗ 4,824 ಎಂದು ಲೆಕ್ಕಹಾಕಲಾಗಿತ್ತು. ಈಗ ಅದು ಐದು ಸಾವಿರವನ್ನು ದಾಟಿದೆ. ಮಾನವ ರೋಗಗಳಿಗೆ ಸಂಬಂಧಿಸಿದ ಜೀನ್‌ಗಳನ್ನು ಗಣನೀಯವಾಗಿ ಹೋಲುವ 50 ಜೀನ್‌ಗಳು ಇದರಲ್ಲಿವೆ ಎಂದೂ, ಅವುಗಳಲ್ಲಿ ಅರ್ಧದಷ್ಟು ಕ್ಯಾನ್ಸರಿಗೆ ಸಂಬಂಧಪಟ್ಟವೆಂದೂ ಅದೇ ವರದಿ ಹೇಳಿತ್ತು.

ಜೀನಿನ ನಡುನಡುವೆ ಬಂದು, ಸಂದೇಶ ತಯಾರಾಗುವಾಗ ಕತ್ತರಿಸಿಹೋಗುವ ಇಂಟ್ರಾನ್ ಎಂಬ ತುಣುಕುಗಳು ಇದರ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜೀನ್‌ಗಳಲ್ಲಿವೆ. ಬ್ರೆಡ್ ಯೀಸ್ಟಿನಲ್ಲಿ ಅವು ಕೆಲವೇ ನೂರು. ಮನುಷ್ಯನಲ್ಲಿ ಬಹುತೇಕ ಎಲ್ಲ ಜೀನ್‌ಗಳಲ್ಲಿಯೂ ಇಂಟ್ರಾನ್‌ಗಳಿರುವುದರಿಂದ, ಅವುಗಳನ್ನು ಕತ್ತರಿಸಿ ಜೋಡಿಸುವ ವ್ಯವಸ್ಥೆಯನ್ನು ಅರಿಯಲು ವಿದಳನ ಯೀಸ್ಟ್ ಹೆಚ್ಚು ಹತ್ತಿರದ ಮಾದರಿ.

ಸೆಂಟ್ರೊಮಿಯರ್ ಮತ್ತು ಆರ್‌ಎನ್‌ಎ ಹಸ್ತಕ್ಷೇಪದ ಸಂಶೋಧನೆಯಲ್ಲಿ ಇದರ ಪಾತ್ರವೇನು?

ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಎಳೆಗಳು ಬಂದು ಹಿಡಿಯುವ ಜಾಗವೇ ಸೆಂಟ್ರೊಮಿಯರ್. ಬ್ರೆಡ್ ಯೀಸ್ಟಿನಲ್ಲಿ ಅದು ಸುಮಾರು 125 ಕ್ಷಾರಜೋಡಿಗಳ ಪುಟ್ಟ ತುಣುಕು. ವಿದಳನ ಯೀಸ್ಟಿನಲ್ಲಾದರೆ ಸುಮಾರು 35 ಸಾವಿರದಿಂದ 110 ಸಾವಿರ ಕ್ಷಾರಜೋಡಿಗಳಷ್ಟು ಹರಡಿಕೊಂಡ, ಪುನರಾವರ್ತಿತ ಅನುಕ್ರಮಗಳಿಂದ ತುಂಬಿದ ಪ್ರದೇಶ. ಮಾನವ ಸೆಂಟ್ರೊಮಿಯರಿನ ಚಿಕ್ಕ ಪ್ರತಿಯೆಂದರೂ ಸಲ್ಲುತ್ತದೆ. ಈ ಪ್ರದೇಶದಲ್ಲಿ ಡಿಎನ್‌ಎ ಹೆಟೆರೊಕ್ರೊಮ್ಯಾಟಿನ್ ಎಂಬ ಬಿಗಿಯಾದ ರೂಪದಲ್ಲಿ ಸುತ್ತಿಕೊಂಡಿರುವುದರಿಂದ ಅಲ್ಲಿ ಕೂರಿಸಿದ ಜೀನ್‌ಗಳು ಮೌನವಾಗುತ್ತವೆ.

ಹೀಗೆ ಮೌನವಾಗಿಸುವ ಸೂಚನೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ 2002ರಲ್ಲಿ ಅನಿರೀಕ್ಷಿತ ಉತ್ತರ ದೊರೆಯಿತು. ಕಿರು ಆರ್‌ಎನ್‌ಎಗಳ ಮೂಲಕ ಜೀನ್‌ಗಳನ್ನು ಅಡಗಿಸುವ ಆರ್‌ಎನ್‌ಎ ಹಸ್ತಕ್ಷೇಪದ ಮೂರು ಮುಖ್ಯ ಪ್ರೋಟೀನುಗಳು, ಅಂದರೆ ಆರ್ಗೊನಾಟ್, ಡೈಸರ್ ಮತ್ತು ಆರ್‌ಎನ್‌ಎಯಿಂದಲೇ ಆರ್‌ಎನ್‌ಎ ತಯಾರಿಸುವ ಪಾಲಿಮರೇಸ್, ಈ ಯೀಸ್ಟಿನಲ್ಲಿ ತಲಾ ಒಂದೊಂದೇ ಇವೆ. ಅವುಗಳಲ್ಲಿ ಯಾವುದನ್ನು ತೆಗೆದರೂ ಸೆಂಟ್ರೊಮಿಯರಿನ ಹೆಟೆರೊಕ್ರೊಮ್ಯಾಟಿನ್ ಕುಸಿಯುತ್ತದೆ ಎಂದು ಶಿವ್ ಗ್ರೇವಾಲ್ ಮತ್ತು ರಾಬರ್ಟ್ ಮಾರ್ಟಿಯನ್ಸನ್ ಅವರ ತಂಡಗಳು ತೋರಿಸಿದವು. ಮೌನವಾಗಿರಬೇಕಾದ ಪ್ರದೇಶವೇ ತನ್ನನ್ನು ಮೌನವಾಗಿಸಲು ಆರ್‌ಎನ್‌ಎ ಉತ್ಪಾದಿಸಬೇಕು ಎಂಬ ಈ ವಿರೋಧಾಭಾಸ ಇಂದಿಗೂ ಚರ್ಚೆಯ ವಸ್ತು. ಬ್ರೆಡ್ ಯೀಸ್ಟ್ ವಿಕಾಸದ ಹಾದಿಯಲ್ಲಿ ಆರ್‌ಎನ್‌ಎ ಹಸ್ತಕ್ಷೇಪವನ್ನೇ ಕಳೆದುಕೊಂಡಿರುವುದರಿಂದ ಅದರಲ್ಲಿ ಈ ಸಂಗತಿ ಎಂದೂ ಹೊರಬೀಳುವಂತಿರಲಿಲ್ಲ.

ಟೆಲೊಮಿಯರ್ ಸಂಶೋಧನೆಗೂ ಇದು ನೆರವಾಗಿದೆಯೇ?

ಆಗಿದೆ. ವರ್ಣತಂತುಗಳ ತುದಿಭಾಗವೇ ಟೆಲೊಮಿಯರ್. ಅದನ್ನು ಕಾಯುವ ಪಾಟ್1 ಪ್ರೋಟೀನನ್ನು ಪೀಟರ್ ಬೌಮನ್ ಮತ್ತು ಥಾಮಸ್ ಚೆಕ್ 2001ರಲ್ಲಿ ಈ ಯೀಸ್ಟಿನಲ್ಲಿಯೂ ಮನುಷ್ಯನಲ್ಲಿಯೂ ಒಟ್ಟಿಗೇ ಗುರುತಿಸಿದರು. ಟೆಲೊಮಿಯರ್ ಪೂರ್ತಿಯಾಗಿ ನಶಿಸಿದರೆ ಹೆಚ್ಚಿನ ಕೋಶಗಳು ಸಾಯುತ್ತವೆ, ಆದರೆ ಕೆಲವು ಮೂರೂ ವರ್ಣತಂತುಗಳ ತುದಿಗಳನ್ನು ತಮ್ಮೊಳಗೇ ಬೆಸೆದುಕೊಂಡು ಉಂಗುರಗಳಾಗಿಸಿ ಬದುಕಿಬಿಡುತ್ತವೆ. ವರ್ಣತಂತುಗಳು ಮೂರೇ ಇರುವುದರಿಂದ ಸಾಧ್ಯವಾಗುವ ಉಪಾಯವಿದು.

ಇದು ಲೈಂಗಿಕವಾಗಿಯೂ ವೃದ್ಧಿಸುತ್ತದೆಯೇ?

ಆಹಾರ, ವಿಶೇಷವಾಗಿ ಸಾರಜನಕ, ಮುಗಿದಾಗ ಎರಡು ವಿರುದ್ಧ ಮಾದರಿಯ ಕೋಶಗಳು ಕೂಡಿ ದ್ವಿಗುಣಿತ ಕೋಶವಾಗುತ್ತವೆ. ಅದು ಕೂಡಲೇ ಮಿಯಾಸಿಸ್‌ಗೆ, ಅಂದರೆ ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ ವಿಭಜನೆಗೆ, ಒಳಗಾಗಿ ಒಂದೇ ಚೀಲದಲ್ಲಿ ನಾಲ್ಕು ಬೀಜಕಗಳನ್ನು ರೂಪಿಸುತ್ತದೆ. ಬೀಜಕಗಳ ಗೋಡೆಯಲ್ಲಿ ಪಿಷ್ಟದಂಥ ವಸ್ತುವಿರುವುದರಿಂದ ತಟ್ಟೆಗೆ ಅಯೋಡಿನ್ ಆವಿ ತಾಗಿಸಿದರೆ ಬೀಜಕಗಳಿರುವ ವಸಾಹತುಗಳು ಕಪ್ಪಾಗುತ್ತವೆ. ಕೂಡಿದವು ಯಾವುವು, ಕೂಡದವು ಯಾವುವು ಎಂದು ಒಂದೇ ನೋಟಕ್ಕೆ ತಿಳಿಯುವ ಈ ಸರಳ ವಿಧಾನ ಎಷ್ಟೋ ಆಧುನಿಕ ವಿಧಾನಗಳ ನಡುವೆಯೂ ಬಳಕೆಯಲ್ಲಿ ಉಳಿದುಬಂದಿದೆ.

ಬೀಜಕಗಳ ಒಳಗೆ ಎಲ್ಲವೂ ಸೌಹಾರ್ದದಿಂದ ನಡೆಯುತ್ತದೆಂದು ಭಾವಿಸಬೇಕಾಗಿಲ್ಲ. ಡಬ್ಲ್ಯುಟಿಎಫ್ ಎಂಬ ಗುಂಪಿನ ಕೆಲವು ಜೀನ್‌ಗಳು ನಾಲ್ಕೂ ಬೀಜಕಗಳಿಗೆ ವಿಷ ಹರಡಿ, ಅದರ ಪ್ರತಿವಿಷವನ್ನು ತಮ್ಮನ್ನು ಪಡೆದ ಬೀಜಕಗಳಲ್ಲಿ ಮಾತ್ರ ಉಳಿಸುತ್ತವೆ. ಜೀನ್ ಸಿಗದ ಬೀಜಕಗಳು ಸಾಯುತ್ತವೆ. 2017ರಲ್ಲಿ ಎರಡು ತಂಡಗಳು ಪ್ರಕಟಿಸಿದ ಈ ಶೋಧ, ಜೀವಿಗೆ ಯಾವ ಉಪಕಾರವನ್ನೂ ಮಾಡದೆ ತಮ್ಮ ಪಾಲನ್ನಷ್ಟೇ ಹೆಚ್ಚಿಸಿಕೊಳ್ಳುವ ಸ್ವಾರ್ಥಿ ಜೀನ್‌ಗಳಿಗೆ ಉತ್ತಮ ನಿದರ್ಶನ.

ಇದರಿಂದ ರೋಗ ಬರುತ್ತದೆಯೇ?

ಇದನ್ನು ರೋಗಕಾರಕವೆಂದು ಪರಿಗಣಿಸಿಲ್ಲ. ಪ್ರಯೋಗಾಲಯಗಳಲ್ಲಿ ಸಾಮಾನ್ಯ ಎಚ್ಚರಿಕೆ ಸಾಕು. ಆದರೆ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ನ್ಯುಮೋನಿಯ ತರುವ ನ್ಯುಮೋಸಿಸ್ಟಿಸ್ ಶಿಲೀಂಧ್ರ ಇದೇ ಉಪವಿಭಾಗಕ್ಕೆ ಸೇರಿದ್ದು. ಅದನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ಬಹಳ ಕಷ್ಟವಾದ್ದರಿಂದ, ಅದರ ಜೀನ್‌ಗಳನ್ನು ಪರೀಕ್ಷಿಸಲು ವಿದಳನ ಯೀಸ್ಟನ್ನು ಬದಲಿಯಾಗಿ ಬಳಸುತ್ತಾರೆ.

ಕ್ಯಾನ್ಸರ್ ಚಿಕಿತ್ಸೆಗೆ ಇದರಿಂದ ಏನಾದರೂ ಪ್ರಯೋಜನವಾಗಿದೆಯೇ?

ಯೀಸ್ಟಿನಿಂದ ನೇರವಾಗಿ ಔಷಧ ಬಂದಿಲ್ಲ, ಹಾಗೆ ಹೇಳಿದರೆ ಉತ್ಪ್ರೇಕ್ಷೆಯಾಗುತ್ತದೆ. ಆದರೆ ಔಷಧಗಳ ಗುರಿ ಯಾವುದಾಗಿರಬೇಕು ಎಂಬ ತಿಳಿವಳಿಕೆಗೆ ಇದರ ಕೊಡುಗೆ ದೊಡ್ಡದು. ಕೆಲವು ಬಗೆಯ ಸ್ತನ ಕ್ಯಾನ್ಸರಿಗೆ ಬಳಸುವ ಪಾಲ್ಬೊಸಿಕ್ಲಿಬ್ 2015ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅದು ತಡೆಯುವ ಎರಡು ಕೈನೇಸ್‌ಗಳು ಸಿಡಿಸಿ2 ಕುಟುಂಬಕ್ಕೆ ಸೇರಿದವು. ಮನುಷ್ಯನ ವೀ1 ಕಿಣ್ವವನ್ನು ತಡೆಯುವ ರಾಸಾಯನಿಕಗಳು ಚಿಕಿತ್ಸಾ ಪ್ರಯೋಗಗಳ ಹಂತ ಮುಟ್ಟಿವೆ. ಡಿಎನ್‌ಎಗೆ ಹಾನಿಯಾದಾಗ ವಿಭಜನೆಯನ್ನು ತಡೆದು ನಿಲ್ಲಿಸುವ ಸಿಎಚ್‌ಕೆ1 ಎಂಬ ಕೈನೇಸ್ ಮೊದಲು ಗುರುತಾದದ್ದೂ ವಿದಳನ ಯೀಸ್ಟಿನಲ್ಲಿಯೇ.

ಮಾನವ ಕೋಶಗಳನ್ನೇ ನೇರವಾಗಿ ಅಧ್ಯಯನ ಮಾಡಬಹುದಾದ ಈ ಕಾಲದಲ್ಲಿ ಯೀಸ್ಟ್ ಇನ್ನೂ ಬೇಕೇ?

ಇದರ ಮಿತಿಗಳು ಸ್ಪಷ್ಟವಾಗಿಯೇ ಇವೆ. ಅಂಗಾಂಶ, ನರಮಂಡಲ, ರೋಗನಿರೋಧಕ ವ್ಯವಸ್ಥೆ ಇವುಗಳ ಬಗ್ಗೆ ಯೀಸ್ಟನ್ನು ಕೇಳಿ ಪ್ರಯೋಜನವಿಲ್ಲ. ಮಾನವ ಕೋಶದಲ್ಲಿ ವಿಭಜನೆಯ ವೇಳೆ ಕೋಶಕೇಂದ್ರದ ಪೊರೆ ಕರಗುತ್ತದೆ, ವಿದಳನ ಯೀಸ್ಟಿನಲ್ಲಿ ಅದು ಹಾಗೆಯೇ ಉಳಿಯುತ್ತದೆ. ಇದರ ಹತ್ತಿರದ ಬಂಧು ಸ್ಕಿಜೋಸ್ಯಾಕರೋಮೈಸಿಸ್ ಜಪೋನಿಕಸ್‌ನಲ್ಲಿ ಪೊರೆ ಹರಿಯುತ್ತದೆಂಬುದು ಕುತೂಹಲದ ಸಂಗತಿ. ಇವೆರಡನ್ನು ಹೋಲಿಸುವ ಕೆಲಸ ಈಗ ಭರದಿಂದ ಸಾಗಿದೆ.

ಇಷ್ಟಾದರೂ ಒಂದು ಜೀನನ್ನು ತೆಗೆದು, ಬದಲಿಸಿ, ಮರಳಿ ಕೂರಿಸಿ, ಕೆಲವೇ ದಿನಗಳಲ್ಲಿ ಫಲಿತಾಂಶ ನೋಡುವ ಸೌಲಭ್ಯ ಮಾನವ ಕೋಶಗಳಲ್ಲಿ ಇಷ್ಟು ಸುಲಭವಾಗಿ ಒದಗಿಲ್ಲ. 2010ರಲ್ಲಿ ಬಹುತೇಕ ಎಲ್ಲ ಜೀನ್‌ಗಳನ್ನು ಒಂದೊಂದಾಗಿ ತೆಗೆದ ತಳಿಗಳ ಸಂಗ್ರಹವೊಂದು ಸಿದ್ಧವಾಗಿ, ಸುಮಾರು ಕಾಲುಭಾಗದಷ್ಟು ಜೀನ್‌ಗಳಿಲ್ಲದೆ ಈ ಯೀಸ್ಟ್ ಬದುಕಲಾರದು ಎಂದು ತಿಳಿದುಬಂತು. ಪಾಂಬೇಸ್ ಎಂಬ ಮುಕ್ತ ದತ್ತಸಂಚಯ ಪ್ರತಿ ಜೀನಿನ ಬಗ್ಗೆ ತಿಳಿದಿರುವುದನ್ನು ಒಂದೆಡೆ ಕಲೆಹಾಕುತ್ತ ಬಂದಿದೆ. ವಿದಳನ ಯೀಸ್ಟಿನಿಂದ ಮನುಷ್ಯನವರೆಗೆ ಉಳಿದುಬಂದಿದ್ದರೂ ಎರಡರಲ್ಲಿಯೂ ಏನು ಕೆಲಸ ಮಾಡುತ್ತವೆಂದು ಗೊತ್ತಿಲ್ಲದ ಪ್ರೋಟೀನುಗಳ ಪಟ್ಟಿಯನ್ನೂ ಅದು ಪ್ರತ್ಯೇಕವಾಗಿ ಪ್ರಕಟಿಸುತ್ತದೆ. ಹೊಸದಾಗಿ ಸಂಶೋಧನೆಗೆ ಇಳಿಯುವವರು ವಿಷಯ ಹುಡುಕಲು ಆ ಪಟ್ಟಿಯಿಂದಲೇ ಆರಂಭಿಸಬಹುದು.